ಸತ್ತ ಕುರಿಯ ಕಿವಿ

ಮುದುಕಿ ಹೋದ ಸುದ್ದಿಯನ್ನು ಆಕೆಯ ಸೊಸೆ ಫೋನಿನಲ್ಲಿ ಹೇಳಿದಾಗ ನಾನು ನಾರಾಯಣಪೇಟೆಯ ನಮ್ಮ ಅಂಗಡಿಯಲ್ಲಿ ಗಿರಾಕಿಯೊಬ್ಬಳ ಮುಂದೆ ಸೀರೆ ಹರವಿಕೊಂಡು ಕೂತಿದ್ದೆ.

"ಅತ್ತಿ ಹೋದ್ಳ್ರೀ ಅಕ್ಕಾ. ಮುಂಜಾನಿ ಎದ್ದು, ರೊಟ್ಟಿ ಕರಕ್ ಮಾಡೀದಿ ಅಂತ ನನ್ನ ಬೈದ್ಳು. ಚಾ ಕುಡದ್ಳು. ಗ್ವಾಡಿಗಿ ಒರಗಿ ಕುಂತಾಕಿ ಹಂಗ ಹೋಗಿಬಿಟ್ಳು."

"ಬೈದೇ ಹೋದ್ಳೇನು?"

"ಬೈದೇ ಹೋದ್ಳ್ರಿ. ನನಗೇನೂ ಬ್ಯಾಸರಿಲ್ಲ ಬಿಡ್ರಿ. ಬೈಲಿಲ್ಲಂದ್ರ ಅದು ನಮ್ಮತ್ತೀನ ಅಲ್ಲ."

ಇಬ್ಬರೂ ನಕ್ಕೆವು. ಆಮೇಲೆ ಇಬ್ಬರೂ ಅತ್ತೆವು. ಸೀರೆ ನೋಡಲು ಬಂದಿದ್ದ ಹೆಂಗಸು ಇದೇನು ಹುಚ್ಚೋ ಎಂದುಕೊಂಡು ಎದ್ದು ಹೋದಳು. ಹೋಗಲಿ.

ಸತ್ತವರ ಬಗ್ಗೆ ಬರೆಯಲು ಕೂತವರು ಮೊದಲು ಅವರನ್ನು ದೇವರು ಮಾಡಿ, ಆಮೇಲೆ ಹೂವು ಏರಿಸುತ್ತಾರೆ. ನನಗೆ ಆ ಉಸಾಬರಿ ಬೇಡ. ಈ ಮುದುಕಿ ಕ್ಷಮಿಸುವ ಪೈಕಿ ಅಲ್ಲ. ಸೇಡು ಇಟ್ಟುಕೊಳ್ಳುವ ಹೆಂಗಸು, ಇಟ್ಟುಕೊಂಡದ್ದನ್ನು ತೀರಿಸದೆ ಬಿಡದ ಹೆಂಗಸು. ನಾನು ಆಕೆಯನ್ನು ಮೆಚ್ಚಿಕೊಂಡದ್ದೂ ಅದಕ್ಕೇ. ಹೆಸರನ್ನು ಮಾತ್ರ ಬರೆಯುವುದಿಲ್ಲ. ಬರೆಯಬೇಡ ಎಂದು ಆಕೆಯೇ ಕಟ್ಟಪ್ಪಣೆ ಮಾಡಿದ್ದಳು.

ಗದ್ವಾಲದ ಕಡೆ, ತೆಲುಗು ಸೀಮೆಯಲ್ಲಿ, ಕೆ.ಟಿ. ದೊಡ್ಡಿ ದಾಟಿ ಹೋದರೆ ಕರ್ನಾಟಕದ ಗಡಿಗೆ ಆತುಕೊಂಡಿರುವ ಒಂದು ಹಳ್ಳಿ ಆಕೆಯದು. ಕುರುಬರ ಮನೆತನ. ಗಂಡ ಕುರಿ ಕಾಯುತ್ತಿದ್ದ, ಈಕೆ ಉಣ್ಣೆ ನೂಲುತ್ತಿದ್ದಳು. ತವರುಮನೆ ಗಡಿಯಾಚೆ, ರಾಯಚೂರಿನ ಕಡೆ. ಕೈ ಸದಾ ಉಣ್ಣೆಯಲ್ಲಿ ಇರುತ್ತಿದ್ದುದರಿಂದ ಏನನ್ನೇ ತೋರಿಸಲಿ ಗದ್ದ ಎತ್ತಿ ತೋರಿಸುವಳು. ದಾರಿ ಕೇಳಿದರೂ ಗದ್ದ, ಸೊಸೆಗೆ ಕೆಲಸ ಹೇಳುವುದೂ ಗದ್ದದಿಂದಲೇ. ಬೇಡದವರು ಎದುರಿಗೆ ಬಂದರೆ ಅದೇ ಗದ್ದ ಆಚೆ ತಿರುಗುತ್ತಿತ್ತು.

ಆಕೆಯ ಸೇಡು ಎಂಥದ್ದು ಎಂದು ತಿಳಿಯಲು ಬಸ್ಸಿನ ಕತೆ ಹೇಳಬೇಕು. ಗದ್ವಾಲದಿಂದ ರಾಯಚೂರಿಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ಕಂಡಕ್ಟರನೊಬ್ಬ, ಉಣ್ಣೆ ನಾರುತ್ತದೆ ಎಂದು ಈಕೆಯ ಮೂಟೆಯನ್ನು ಕೆಳಗೆ ಎಸೆದು ಈಕೆಯನ್ನೂ ಇಳಿಸಿದ. ಬಾಯಿ ಮಾಡದೆ ಇಳಿದಳು. ಮಾರನೆಯ ವಾರದಿಂದ ಕೆಲಸವಿರಲಿ ಇಲ್ಲದಿರಲಿ ಅದೇ ಬಸ್ಸು ಹತ್ತತೊಡಗಿದಳು. ಜೊತೆಗೆ ಓಣಿಯ ಹೆಂಗಸರು, ಒಬ್ಬೊಬ್ಬರ ತಲೆಯ ಮೇಲೂ ಒಂದೊಂದು ಮೂಟೆ. ಎಲ್ಲರೂ ಟಿಕೆಟ್ ತೆಗೆಸಿ, ಕಂಡಕ್ಟರನ ಸೀಟಿನ ಸುತ್ತಲೇ ಕೂರುವರು. ಪಾಪ, ಅವನು ಬೇರೆ ರೂಟು ಬೇಡಿಕೊಂಡು ಹೋದ. "ಹೋಗೋ ದಿನ ನನಗ ಕೈ ಮುಗದ," ಎಂದು ನೆನೆದು ನಗುತ್ತಿದ್ದಳು. "ನಾನು ಮುಗೀಲಿಲ್ಲ."

ಆಕೆಯ ಅಕ್ಕ ಒಂದು ಮದುವೆಯಲ್ಲಿ ಈಕೆಯ ಗಂಡನನ್ನು ಮೂಕ ಎಂದಳಂತೆ. ಅವನು ಮಾತು ಕಡಿಮೆಯ ಮನುಷ್ಯ, ನಿಜವೇ. ಅಂದಿನಿಂದ ಈಕೆ ಅಕ್ಕನ ಜೊತೆ ಮಾತು ಬಿಟ್ಟಳು. "ಮೂಕರು ಹ್ಯಾಂಗ ಇರ್ತಾರ ಅಂತ ಆಕಿಗೆ ತಿಳೀಲಿ," ಎನ್ನುತ್ತಿದ್ದಳು. ಅಕ್ಕ ಮನೆಗೇ ಬಂದು ಅವನ ಮುಂದೆ ತಪ್ಪಾಯಿತು ಅನ್ನುವವರೆಗೂ ಮಾತಾಡಲಿಲ್ಲ.

ಆ ಗಂಡನಿಂದಲೇ ನನಗೆ ಆಕೆಯ ಪರಿಚಯವಾದದ್ದು.

ನಾನು ಆಗ ಇನ್ನೂ ಮಕ್ತಲ್‌ನ ತವರುಮನೆಯಲ್ಲಿದ್ದೆ. ಹೈದರಾಬಾದಿನ ಒಂದು ಸಂಸ್ಥೆ ಮತ್ತು ಹೊರದೇಶದ ಒಂದು ವಿಶ್ವವಿದ್ಯಾಲಯ ಕೂಡಿ ಬಾಯಿ ಕ್ಯಾನ್ಸರಿನ ಮೇಲೆ ಸಂಶೋಧನೆ ಶುರು ಮಾಡಿ ಗದ್ವಾಲದಲ್ಲಿ ಕಚೇರಿ ತೆರೆದಿದ್ದವು. ಎರಡು ದೇಶಗಳ ಬಾವುಟಗಳ ನಡುವೆ ಕೈಕುಲುಕುವ ಚಿತ್ರವಿದ್ದ ದೊಡ್ಡ ಬೋರ್ಡು. ಗಡಿಹಳ್ಳಿಗಳ ಕನ್ನಡ ಹೈದರಾಬಾದಿನ ಡಾಕ್ಟರುಗಳಿಗೆ ಬಾರದು. ಕನ್ನಡ ಶಾಲೆಯಲ್ಲಿ ಓದಿ ತೆಲುಗು, ಇಂಗ್ಲಿಷು ಎರಡನ್ನೂ ಬಲ್ಲವಳೆಂದು ನನ್ನನ್ನು ದುಭಾಷಿಯಾಗಿ ತೆಗೆದುಕೊಂಡರು. ನಾನು ದಿನಕ್ಕೆ ಅತಿ ಹೆಚ್ಚು ಸಲ ಹೇಳುತ್ತಿದ್ದ ಮಾತು ಒಂದೇ: ಬಾಯಿ ತೆಗೀರಿ, ಇನ್ನಷ್ಟು ದೊಡ್ಡದಾಗಿ.

ಆ ಹಳ್ಳಿಯಲ್ಲಿ ಬೀರಪ್ಪನ ಗುಡಿಯ ಮುಂದೆ ಶಿಬಿರ ಹಾಕಿದ್ದೆವು. ತಂಬಾಕು ಜಗಿಯುವ ಊರು. ಎಲ್ಲರೂ ಸಾಲಾಗಿ ಬಂದು ಕುರ್ಚಿಯ ಮೇಲೆ ಕೂತು ಬಾಯಿ ತೆರೆದರು. ಯೋಜನೆಯ ಮುಖ್ಯಸ್ಥರು, ನಾವೆಲ್ಲ ದೊಡ್ಡ ಡಾಕ್ಟರು ಎನ್ನುತ್ತಿದ್ದವರು, ಟಾರ್ಚು ಹಿಡಿದು ನೋಡುವರು. ಹೊರದೇಶದ ಸಂಶೋಧಕಿ ಪಕ್ಕದಲ್ಲಿ ನಿಂತಿರುವಳು. ಊರವರು ಆಕೆಯನ್ನು ದೊರೆಸಾನಿ ಎಂದರು. ಈ ಮುದುಕಿಯ ಗಂಡನ ಒಳಗೆನ್ನೆಯಲ್ಲಿ ಬೆಳ್ಳಗಿನ ಕಲೆ, ಕಲೆಯ ನಡುವೆ ಹುಣ್ಣು. ಡಾಕ್ಟರು ಒಂದು ಚೂರು ಮಾಂಸ ಕೊಯ್ದು, ಅದನ್ನು ಎರಡು ಪಾಲು ಮಾಡಿ ಎರಡು ಡಬ್ಬಿಗೆ ಹಾಕಿದರು. ಒಂದು ಹೈದರಾಬಾದಿಗೆ, ಇನ್ನೊಂದು ಹೊರದೇಶಕ್ಕೆ.

ಅವನು ಕುರ್ಚಿಯಿಂದೆದ್ದು ಸುಮ್ಮನೆ ಹೊರಟ. ತನ್ನ ಬಾಯಿ ಆಗಲೇ ತೋರಿಸಿ ಹಿಂದೆ ನಿಂತಿದ್ದ ಈಕೆ ಬಿಡಲಿಲ್ಲ.

"ಎಲ್ಲಿಗೆ ಒಯ್ತಾರಂತ ಅದನ್ನ?"

ನಾನು ಹೇಳಿದೆ.

"ಒಯ್ದು?"

"ಅದರಾಗ ಏನೈತಿ ಅಂತ ನೋಡ್ತಾರವ್ವಾ."

"ನೋಡಿ? ನಮಗ ಹೇಳ್ತಾರಿಲ್ಲೋ?"

ನಾನು ಡಾಕ್ಟರ ಕಡೆ ತಿರುಗಿ ಕೇಳಿದೆ. ಅವರು ಮುಂದಿನವನ ಬಾಯಿಗೆ ಟಾರ್ಚು ಬಿಡುತ್ತಲೇ ತೆಲುಗಿನಲ್ಲಿ "ಕಬುರು ಪಂಪಿಸ್ತಾಮಮ್ಮಾ" ಎಂದರು. ಹೇಳಿ ಕಳಿಸುತ್ತೇವೆ ಎಂದು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ. ತಿರುಗಿಸುವ ಅಗತ್ಯವೇ ಇರಲಿಲ್ಲ, ಆಕೆಗೆ ತೆಲುಗು ನನ್ನಷ್ಟೇ ಬರುತ್ತಿತ್ತು. ಆದರೂ ನನ್ನ ಬಾಯಿಂದ ಕೇಳಿಸಿಕೊಂಡೇ ಹೋದಳು.

ಗಂಡ ಆ ಮಾತನ್ನು ನಂಬಿ ಕೂತ. ಡಾಕ್ಟರು ಹೇಳಿದ ಮೇಲೆ ಮುಗಿಯಿತು, ಹೇಳಿ ಕಳಿಸಲಿಲ್ಲವೆಂದರೆ ಏನೂ ಇಲ್ಲವೆಂದೇ ಅರ್ಥ ಎಂಬುದು ಅವನ ಲೆಕ್ಕಾಚಾರ. ರಾಯಚೂರಿನ ದವಾಖಾನೆಗೆ ಹೋಗೋಣ ನಡಿ ಎಂದು ಈಕೆ ಜಗ್ಗಿದರೆ, "ಇಕಾ ಬರ್ತೈತಿ ತಡಿ ಸುದ್ದಿ" ಎನ್ನುವನಂತೆ. ಊರಿಗೆ ಯಾವ ಜೀಪು ಬಂದರೂ ಕುರಿ ಬಿಟ್ಟು ಎದ್ದು ನಿಂತು, "ನಮಗ ಬಂದಾರೇನು ನೋಡು" ಎನ್ನುವನಂತೆ. ಸೊಸೆಯ ಸೀಮಂತಕ್ಕೆ ಸಾಮಾನು ತಂದ ಜೀಪಿಗೂ ಹಾಗೇ ಎದ್ದು ನಿಂತಿದ್ದ ಎಂದು ಈಕೆ ಹೇಳುವಾಗ ಗದ್ದ ನಡುಗುತ್ತಿತ್ತು. ಗಂಟಲು ಕಟ್ಟಿ ಗಂಜಿಯೂ ಇಳಿಯದಂತಾದ ಮೇಲೆ ರಾಯಚೂರಿಗೆ ಹೊತ್ತುಕೊಂಡು ಹೋದರು. ಹೊತ್ತು ಮೀರಿತ್ತು. ಬಾಯಿ ತೆರೆಯಲಾರದೆ ಸತ್ತ.

ನಮ್ಮ ಕಚೇರಿಗೆ ಆ ಸುದ್ದಿ ಬಂದು ಕೆಲವು ದಿನಗಳಾಗಿದ್ದವು. ಗೋಡೆಯ ಪರದೆಯ ಮೇಲೆ ಹೊರದೇಶದವರ ಜೊತೆ ಸಭೆ ನಡೆಯುತ್ತಿತ್ತು. ಎಲ್ಲ ಮುಗಿದು ಏಳುವ ಹೊತ್ತಿಗೆ ದೊರೆಸಾನಿ ಸುಮ್ಮನೆ, ಉಭಯಕುಶಲೋಪರಿಯಂತೆ, ಕೇಳಿದಳು: ಗುಡಿಯ ಮುಂದಿನ ಆ ಕುರುಬ ಹೇಗಿದ್ದಾನೆ? ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತಲ್ಲವೆ?

ಆ ಚೂರಿನಲ್ಲಿ ಕ್ಯಾನ್ಸರ್ ಇದೆಯೆಂದು ಹೊರದೇಶದವರಿಗೆ ಕೂಡಲೇ ಗೊತ್ತಾಗಿತ್ತು. ರೋಗಿಗೆ ಹೇಳುವುದು ಇಲ್ಲಿಯವರ ಕೆಲಸವೆಂದು ಅವರು ತಿಳಿದಿದ್ದರು. ಹೈದರಾಬಾದಿನವರೂ ನೋಡಿದ್ದರು, ಹೊರದೇಶದಿಂದ ಖಾತ್ರಿಯಾಗಿ ಬರಲಿ, ಗದ್ವಾಲದವರು ಹೇಳುತ್ತಾರೆ ಎಂದುಕೊಂಡಿದ್ದರು. ಗದ್ವಾಲದವರು ಹೈದರಾಬಾದಿನ ಮಾತಿಗೆ ಕಾಯುತ್ತಿದ್ದರು. ಚೂರು ಯಾರ ಸ್ವತ್ತು, ಪ್ರಬಂಧದಲ್ಲಿ ಯಾರ ಹೆಸರು ಮೊದಲು ಬರಬೇಕು, ಇವೆಲ್ಲ ಒಪ್ಪಂದದಲ್ಲಿ ಜಗಳಾಡಿ ಬರೆಸಿಕೊಂಡಿದ್ದವರು, ಆ ಮನುಷ್ಯನಿಗೆ ಹೋಗಿ ಹೇಳಬೇಕಾದವರು ಯಾರು ಎಂಬುದನ್ನೇ ಬರೆದಿರಲಿಲ್ಲ. ಎರಡು ದೇಶದ ಪಂಡಿತರು ಕೂಡಿ ಮಾಡಿದ ಕೆಲಸ! ಥೂ ಅನ್ನಿಸಿತು ನನಗೆ. ಅದರ ಮೇಲೆ ಆ "ಹೇಳಿ ಕಳಿಸ್ತೀವಿ"ಯನ್ನು ನನ್ನ ಬಾಯಿಂದ ಹೇಳಿಸಿದ್ದರು. ಅವರ ಸುಳ್ಳಿಗೆ ನನ್ನ ನಾಲಿಗೆ.

ಮರುದಿನವೇ ಬಸ್ಸು ಹತ್ತಿ ಹೋಗಿ ಆಕೆಗೆ ಹೇಳಿದೆ. ಯಾರೂ ಹೋಗು ಎನ್ನಲಿಲ್ಲ, ನಾನು ಯಾರನ್ನೂ ಕೇಳಲೂ ಇಲ್ಲ.

ಆಕೆ ಉಣ್ಣೆ ಹಿಂಜುತ್ತಿದ್ದಳು. ಕೈ ನಿಲ್ಲಲಿಲ್ಲ.

"ಗೊತ್ತಿತ್ತೇನು ಅವರಿಗೆ?"

"ಗೊತ್ತಿತ್ತವ್ವಾ."

"ನನ್ನ ಗಂಡ ಜೀಪಿಗೆ ಎದ್ದು ನಿಂದ್ರತಿದ್ದನಲ್ಲ, ಆವಾಗಾನೂ ಗೊತ್ತಿತ್ತೇನು?"

"ಆವಾಗಾನೂ ಗೊತ್ತಿತ್ತು."

ಆಕೆ ಅಳಲಿಲ್ಲ. ಹಿಂಜಿದ ಉಣ್ಣೆಯನ್ನೆಲ್ಲ ಬುಟ್ಟಿಗೆ ತುಂಬಿಟ್ಟು ಕೈ ಒರೆಸಿಕೊಂಡಳು. ಆಮೇಲೆ ಕೇಳಿದಳು: "ಮಕ್ತಲ್ದಾಕೀ, ನಮ್ಮಾಗ ಒಂದು ರಿವಾಜು ಐತಿ, ಗೊತ್ತೇನು ನಿನಗ?"

ಗೊತ್ತಿರಲಿಲ್ಲ, ಹೇಳಿದಳು. ಒಬ್ಬರ ಕುರಿಯನ್ನು ಇನ್ನೊಬ್ಬರು ತಮ್ಮ ಹಿಂಡಿನ ಜೊತೆ ಮೇಯಿಸಲು ಒಯ್ಯುತ್ತಾರೆ. ಪ್ರತಿ ಮನೆತನದ ಕುರಿಗೂ ಕಿವಿಯಲ್ಲಿ ಒಂದೊಂದು ಗುರುತು ಕೊಯ್ದಿರುತ್ತದೆ. ದೂರದ ಅಡವಿಯಲ್ಲಿ ಆ ಕುರಿ ಸತ್ತರೆ, ಒಯ್ದವನು ಆ ಕಿವಿ ಕೊಯ್ದುಕೊಂಡು ಬಂದು ಒಡೆಯನ ಕೈಗಿಟ್ಟು, ಹೀಗೆ ಸತ್ತಿತು ಎಂದು ತಾನೇ ಬಾಯಿಬಿಟ್ಟು ಹೇಳಬೇಕು. ಕಿವಿ ತರದವನನ್ನು ಕಳ್ಳ ಎನ್ನುತ್ತಾರೆ. ಅವನ ಜೊತೆ ಆ ಊರಲ್ಲಿ ಯಾರೂ ಹಿಂಡು ಕೂಡಿಸುವುದಿಲ್ಲ.

"ಕುರಿಗೇ ಇಷ್ಟು ಐತಿ," ಎಂದಳು. "ನನ್ನ ಗಂಡನ್ನ ಚೂರು ಕೊಯ್ಕೊಂಡು ಹೋದವರು ಕಿವಿ ತಂದು ತೋರಿಸ್ಲಿ. ಅಲ್ಲೀತನಾ ನಮ್ಮೂರಾಗ ಅವರಿಗೆ ಒಂದು ಬಾಯಿ ಸಿಗಬಾರದು."

ಅಷ್ಟಕ್ಕೇ ಮುಗಿಸುವ ಹೆಂಗಸಲ್ಲ ಎಂದೆನಲ್ಲ. ಆ ಅಮಾವಾಸ್ಯೆಗೆ ಬೀರಪ್ಪನ ಗುಡಿಗೆ ಹೋಗಿ, ಭಂಡಾರ ಕೊಡು ಎಂದು ಪೂಜಾರಿಯನ್ನು ಕೇಳಿದಳಂತೆ. ಭಂಡಾರ ಎಂದರೆ ದೇವರ ಅರಿಶಿನ. ಕುರುಬರು ಅದನ್ನು ಮುಟ್ಟಿ ಆಡಿದ ಮಾತು ಮುರಿಯುವುದಿಲ್ಲ. ಹೆಣ್ಣಾಳು ಊರಿಗೆ ಆಣೆ ಹಾಕಿಸುವುದು ಎಲ್ಲೂ ಇಲ್ಲ ಎಂದು ಅವನು ಹಿಂದೆ ಮುಂದೆ ನೋಡಿದ. "ನಿನ್ನ ಬಾಯಾಗೂ ಟಾರ್ಚ್ ಬಿಟ್ಟಾರಲ್ಲೋ. ನಿಂದೇನಾತು ಅಂತ ಹೇಳ್ಯಾರೇನು?" ಎಂದಳು. ಅವನ ಕೈ ತಾನಾಗಿಯೇ ಗಲ್ಲಕ್ಕೆ ಹೋಯಿತು, ಭಂಡಾರದ ತಟ್ಟೆ ಈಕೆಯ ಕೈಗೆ ಬಂತು. ಊರೆಲ್ಲ ಮುಟ್ಟಿತು. ಆಣೆ ಎರಡು ಕವಲಿನದು: ಈ ಯೋಜನೆಯವರ ಮುಂದೆ ಬಾಯಿ ತೆರೆಯಬಾರದು, ಬಾಯಲ್ಲಿ ಹುಣ್ಣು ಇದ್ದವರು ಮುಚ್ಚಿಟ್ಟುಕೊಳ್ಳದೆ ರಾಯಚೂರಿಗೆ ಹೋಗಿ ತೋರಿಸಬೇಕು. ಎಷ್ಟೋ ಜನರನ್ನು ತಾನೇ ಬಸ್ಸಿಗೆ ಹತ್ತಿಸಿ ಕರೆದುಕೊಂಡು ಹೋದಳು. ಸಿಟ್ಟು ಕಣ್ಣು ಕಟ್ಟುವಂಥ ದಡ್ಡಿ ಅಲ್ಲ ಆಕೆ.

ಯೋಜನೆಯ ಎರಡನೆಯ ಸುತ್ತು ಬಂತು. ಮೊದಲು ನೋಡಿದ ಬಾಯಿಗಳನ್ನೇ ಮತ್ತೆ ನೋಡಬೇಕು, ಇಲ್ಲದಿದ್ದರೆ ಮೊದಲು ನೋಡಿದ್ದೂ ದಂಡ. ದೊಡ್ಡ ಡಾಕ್ಟರು ಹಳೆಯ ಜಾಗದಲ್ಲೇ ಶಾಮಿಯಾನ ಹಾಕಿಸಿದರು. ಊರಿಗೆ ಊರೇ ಬಂತು! ಎಲ್ಲರೂ ಚಹಾ ಕುಡಿದರು, ಬಿಸ್ಕತ್ತು ತಿಂದರು, ಬಾಳೆಹಣ್ಣು ಸುಲಿದರು. ಸರದಿ ಬಂದಾಗ ಮರ್ಯಾದೆಯಿಂದ ಹೋಗಿ ಕುರ್ಚಿಯ ಮೇಲೆ ಕೂತರು. ನಾನು ಬಾಯಿ ತೆಗೀರಿ ಎಂದೆ. ತುಟಿ ಬಿಗಿದುಕೊಂಡು ಆಕಾಶ ನೋಡಿದರು. ಇನ್ನೊಬ್ಬರು ಬಂದರು, ಅವರೂ ಹಾಗೆಯೇ. ಮುದುಕರು, ಸೊಸೆಯಂದಿರು, ಗುಡಿಯ ಪೂಜಾರಿ, ಎಲ್ಲರದೂ ಒಂದೇ ರೀತಿ. ಡಾಕ್ಟರಿಗೆ ಬೆವರು ಇಳಿಯಿತು. ಮುದುಕಿ ಗುಡಿಕಟ್ಟೆಯ ಮೇಲೆ ಕೂತು ನೂಲುತ್ತ ನನ್ನ ಕಡೆ ಗದ್ದ ಎತ್ತಿದಳು. ನಾನು ನಗು ತಡೆಯಲಾರದೆ ಜೀಪಿನ ಹಿಂದೆ ಹೋಗಿ ನಿಂತೆ. ಇಂದಿಗೂ ಆ ದಿನ ನೆನೆದರೆ ಹೊಟ್ಟೆ ತಣ್ಣಗಾಗುತ್ತದೆ.

ಹೋಲಿಕೆಗೆಂದು ಗಡಿಯಾಚೆಯ ಹಳ್ಳಿಗಳನ್ನೂ ನೋಡುವುದಿತ್ತು. ಇವರು ಸುಳಿವು ಕೊಡದೆ ಅಲ್ಲಿಗೆ ಹೋದರು. ಅದು ಆಕೆಯ ತವರಿನ ಸೀಮೆ. ಭಂಡಾರ ಮೊದಲೇ ಬಸ್ಸಿನಲ್ಲಿ ಹೋಗಿ ಮುಟ್ಟಿತ್ತು. ಅಲ್ಲಿಯೂ ಅದೇ ಚಹಾ, ಅದೇ ಬಾಳೆಹಣ್ಣು, ಅದೇ ಬಿಗಿದ ತುಟಿ. ಇವರಿಗೊಂದು ಗಡಿಯಾಚೆಯ ಪಾಲುದಾರಿಕೆ ಇದ್ದರೆ ಆಕೆಗೂ ಒಂದಿತ್ತು. ಅದಕ್ಕೆ ಬೋರ್ಡು ಇರಲಿಲ್ಲ ಅಷ್ಟೆ.

ಕೊನೆಗೆ ದೊಡ್ಡ ಡಾಕ್ಟರು ಆಕೆಯ ಮನೆಗೇ ಬಂದರು. ಜಗುಲಿಯ ಮೇಲೆ ಕಂಬಳಿ ಹಾಸಿ ಕೂರಿಸಿ, ನೀರು ಕೊಟ್ಟಳು. ಅವರು ತೆಲುಗಿನಲ್ಲಿ ಮೆತ್ತಗೆ ಶುರುಮಾಡಿದರು. ಆದದ್ದು ಆಗಿಹೋಯಿತು, ಇದರಿಂದ ನಿಮ್ಮ ಊರಿಗೇ ನಷ್ಟ ಎಂದರು. ನಾನು ಅದಕ್ಕೆ ಒಂದಿಷ್ಟು ಉಪ್ಪುಖಾರ ಸೇರಿಸಿ ತಿರುಗಿಸಿದೆ: "ನೆಗಡಿ ಬಂತಂತ ಮೂಗು ಕೊಯ್ಕೋಬ್ಯಾಡ್ರಿ ಅಂತಾರವ್ವಾ."

"ಮೂಗು ನಮ್ದು, ಕತ್ತಿ ಅವರ್ದು," ಎಂದಳು. "ಯಾರು ಕೊಯ್ದಾರಂತ ಊರಿಗೇ ಗೊತ್ತೈತಿ. ಕಿವಿ ತಂದಾರೇನು ಕೇಳು."

ಕುರಿಯ ಕಿವಿಯ ರಿವಾಜನ್ನು ಅವರಿಗೆ ತಿಳಿಸಿ ಹೇಳಿದೆ. ಹೊರದೇಶಕ್ಕೆ ಹೋದ ಚೂರನ್ನು ತರಿಸಲು ನಿಯಮವೇ ಇಲ್ಲ ಎಂದರು.

"ಒಯ್ಯಾಕ ಇತ್ತು, ತರಾಕ ಇಲ್ಲೇನು? ಭಾರಿ ಐತಿ ನಿಮ್ಮ ಕಾಯ್ದೆ!" ಆಮೇಲೆ ನನ್ನನ್ನು ಬಿಟ್ಟು ನೇರ ಅವರ ಕಡೆ ತಿರುಗಿದಳು. ಅಲ್ಲಿಯವರೆಗೆ ಅವರಿಗೆ ಹಚ್ಚುತ್ತಿದ್ದ 'ರೀ'ಯನ್ನು ಮೊದಲ ಸಲ ಕಿತ್ತುಹಾಕಿದಳು. "ನೀನು ತರಬೇಕು. ನೀನಽ ಹೇಳಬೇಕು. ಈಕಿ ಬಾಯಿಲೆ ಬ್ಯಾಡ, ನಿನ್ನ ಬಾಯಿಲೆ. ನನ್ನ ಗಂಡ ಆಡೋ ಮಾತಿನಾಗ, ಕನ್ನಡದಾಗ."

ನಾನು ಇದ್ದದ್ದು ಇದ್ದಂತೆ ತೆಲುಗಿಗೆ ತಿರುಗಿಸುವಷ್ಟರಲ್ಲಿ ಆಕೆಯ ಗದ್ದ ಆಚೆ ತಿರುಗಿತ್ತು.

ದೊರೆಸಾನಿಗೆ ವಿಷಯ ತಿಳಿದದ್ದು ನನ್ನಿಂದಲೇ. ಆಕೆ ಮಾತ್ರ ಮನುಷ್ಯಳು. ಪರದೆಯ ಮೇಲೆಯೇ ಕಣ್ಣು ಒರೆಸಿಕೊಂಡು, ಯಾರ್ಯಾರ ಜೊತೆಯೋ ಕಾದಾಡಿ ಆ ಚೂರನ್ನು ವಾಪಸ್ ಕಳಿಸಿದಳು. ಬೆರಳ ಅಗಲದ ಮೇಣದ ಬಿಲ್ಲೆ, ಅದರ ನಡುವೆ ಅಕ್ಕಿಕಾಳಿನಷ್ಟು ಕಂದುಬಣ್ಣದ್ದೇನೋ.

ಅದನ್ನು ಹಿಡಿದುಕೊಂಡು ಜೀಪಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ನಾನು ದೊಡ್ಡ ಡಾಕ್ಟರಿಗೆ ಕನ್ನಡ ಕಲಿಸಿದೆ. ನಮಗ ಗೊತ್ತಿತ್ತು. ನಾವು ಹೇಳಲಿಲ್ಲ. ಅದಕ್ಕ ಅವರು ಸತ್ತ್ರು. ಮೊದಲ ಎರಡು ಮಾತು ಸಲೀಸಾಗಿ ಬಂದವು. ಮೂರನೆಯದಕ್ಕೆ ತಕರಾರು ತೆಗೆದರು. ಹೇಳಿದ್ದರೂ ಬದುಕುತ್ತಿದ್ದ ಎನ್ನುವುದಕ್ಕೆ ಪುರಾವೆ ಇಲ್ಲ, ವೈಜ್ಞಾನಿಕವಾಗಿ 'ಅದಕ್ಕ' ಅನ್ನುವಂತಿಲ್ಲ ಎಂದರು.

"ಹಾಗಾದರೆ ಜೀಪು ತಿರುಗಿಸೋಣ ಸಾರ್," ಎಂದೆ.

ತಿರುಗಿಸಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಗೊಣಗುತ್ತ ಬಾಯಿಪಾಠ ಮಾಡಿದರು.

ಗುಡಿಯ ಮುಂದೆ ಊರು ಸೇರಿತ್ತು. ಶಿಬಿರದ ಕುರ್ಚಿಯನ್ನೇ ಹಾಕಿಸಿದ್ದಳು. ಅವರನ್ನು ಅದರ ಮೇಲೆ ಕೂರಿಸಿ, ನನ್ನ ಕೈಚೀಲದಿಂದ ಟಾರ್ಚು ಕಿತ್ತುಕೊಂಡಳು. ಹಾಡುಹಗಲು. ಟಾರ್ಚು ಹಚ್ಚಿ ಅವರ ಮುಖಕ್ಕೆ ಹಿಡಿದು, "ಬಾಯಿ ತೆಗೀ," ಎಂದಳು. ನಾನು ಹೇಳುತ್ತಿದ್ದ ಧಾಟಿಯಲ್ಲಿಯೇ. "ಇನ್ನಷ್ಟು ದೊಡ್ಡದಾಗಿ."

ಅವರು ನನ್ನನ್ನು ನೋಡಿದರು. ನಾನು ಗುಡಿಯ ಗೋಪುರ ನೋಡಿದೆ.

"ನಮಗ ಗೊತ್ತಿತ್ತು," ಎಂದರು. "ನಾವು ಹೇಳಲಿಲ್ಲ." ಅಲ್ಲಿಗೆ ನಿಲ್ಲಿಸಿ ಎದ್ದೇಳಲು ನೋಡಿದರು.

ಆಕೆ ಟಾರ್ಚನ್ನು ಇನ್ನೂ ಹತ್ತಿರ ತಂದು ಬಗ್ಗಿ ನೋಡಿದಳು. "ಇನ್ನೊಂದು ಐತಿ ಒಳಗ. ನನಗ ಕಾಣಾಕ್ಹತ್ತೈತಿ. ತೆಗೀ ಅದನ್ನೂ."

ಏಳಲು ಹೋದವರು ಮತ್ತೆ ಕೂತರು. ಆಮೇಲೆ ಆ ದೊಡ್ಡ ಮನುಷ್ಯ ತಲೆ ತಗ್ಗಿಸಿ, ನಾಲಿಗೆ ಹೊರಳದ ಕನ್ನಡದಲ್ಲಿ, "ಅದಕ್ಕ ಅವರು ಸತ್ತ್ರು" ಎಂದರು. ಹಿಂದಿನಿಂದ ಮುದುಕನೊಬ್ಬ "ಕೇಳಸ್ಲಿಲ್ರಿ" ಎಂದು ಕೂಗಿದ. ಮತ್ತೊಮ್ಮೆ ಹೇಳಿದರು.

ಟಾರ್ಚು ಆರಿಸಿದಳು. ಮೇಣದ ಬಿಲ್ಲೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ಮುರುಗಿಸಿ ನೋಡಿ, "ಬಂದೀ ಏನು? ಭಾಳ ದೂರ ಒಯ್ದಿದ್ರು ನಿನ್ನ," ಎಂದಳು. ಆಗ ಮಾತ್ರ ಆಕೆ ಅತ್ತದ್ದು, ಎದೆ ಎದೆ ಬಡಿದುಕೊಂಡು, ಊರು ನೋಡುತ್ತಿದೆ ಎಂಬ ಎಗ್ಗಿಲ್ಲದೆ. ಅದೇ ಸಂಜೆ ಹೊಲದಲ್ಲಿದ್ದ ಗಂಡನ ಸಮಾಧಿಯ ಪಕ್ಕ ಕೆದರಿ ಅದನ್ನು ಮಣ್ಣು ಮಾಡಿದಳು. ಪೂಜಾರಿ ಎಲ್ಲರ ಹಣೆಗೆ ಭಂಡಾರ ಹಚ್ಚಿ ಆಣೆ ಬಿಡಿಸಿದ. ಮರುದಿನ ಊರು ಬಾಯಿ ತೆರೆಯಿತು. ಅವತ್ತು ಕೂತ ಒಬ್ಬೊಬ್ಬರಿಗೂ ವಾರದೊಳಗೆ ಮನೆಗೇ ಬಂದು ಹೇಳಿ ಹೋದರು.

ಅವಳು ಮಾತ್ರ ಕುರ್ಚಿಯ ಹತ್ತಿರ ಸುಳಿಯಲಿಲ್ಲ. ನಾನು ಕರೆದಾಗ, "ಊರಿನ ಸೇಡು ತೀರಿತವ್ವಾ. ನಂದು ಇನ್ನ ಐತಿ," ಎಂದಳು.

ಒಳಗಿನ ಮಾತು ಊರಿಗೆ ಮುಟ್ಟಿಸಿದವರು ಯಾರು ಎಂದು ಕಚೇರಿಯಲ್ಲಿ ವಿಚಾರಣೆ ಆಯಿತು. ನಾನೇ ಎಂದೆ. ಕೆಲಸ ಹೋಯಿತು. ಒಳ್ಳೆಯದೇ ಆಯಿತು ಬಿಡಿ. ಮದುವೆಯಾಗಿ ನಾರಾಯಣಪೇಟೆಗೆ ಬಂದು ಗಂಡನ ಸೀರೆ ಅಂಗಡಿಯಲ್ಲಿ ಕೂತೆ.

ಒಂದು ದಿನ ಮುದುಕಿ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಗಾದಿಯ ಮೇಲೆ ಕೂತು ಸೀರೆ ತೋರಿಸು ಎಂದಳು. ನಾನು ಬಣ್ಣ ಕಡಿಮೆ ಇರುವುದನ್ನು ತೆಗೆದೆ. "ಗಂಡ ಸತ್ತಾಕಿ ಅಂತ ಸಪ್ಪಂದು ತೋರಸ್ತೀಯೇನು? ಆ ಕೆಂಪಂಚಿಂದು ತೆಗೀ," ಎಂದು ಗದ್ದ ಎತ್ತಿದಳು. ಸೀರೆ ಆರಿಸಿ ಆದ ಮೇಲೆ ಅಂಗಡಿಯಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು, ನನ್ನ ಮುಂದೆ ತಾನಾಗಿಯೇ ಬಾಯಿ ತೆರೆದಳು. ನಾನು ಕಂಡ ಬಾಯಿಗಳು ಕಡಿಮೆಯೇನಲ್ಲ. ಬೆಳ್ಳಗಿನ ಕಲೆ, ನಡುವೆ ಹುಣ್ಣು.

"ತಂಬಾಕು ಎಂದೋ ಬಿಟ್ಟೀನಿ. ಅದರ ಮ್ಯಾಲೂ ಸೇಡು ಐತಿ ನಂದು," ಎಂದಳು. "ಆದ್ರ ಅದು ನನ್ನ ಮ್ಯಾಲ ಮೊದಲಽ ತೀರಿಸ್ಕೊಂಡೈತಿ ಕಾಣ್ತೈತಿ."

ಅವತ್ತೇ ರಾಯಚೂರಿಗೆ ಕರೆದುಕೊಂಡು ಹೋದೆ. ಬೇಗ ಹೋಗಿದ್ದೆವು, ಅದೇ ಪುಣ್ಯ. ಕೊಯ್ದು ತೆಗೆದರು, ಹೊಲಿದರು. ಕೆನ್ನೆ ಒಂದಿಷ್ಟು ಒಳಗೆ ಹೋಯಿತು, ಮಾತು ಸ್ವಲ್ಪ ತೊದಲಿತು, ಬೈಗುಳ ಮಾತ್ರ ಮೊದಲಿನಂತೆಯೇ ಚೊಕ್ಕವಾಗಿ ಬರುತ್ತಿತ್ತು. ಗಟ್ಟಿಯಾಗಿ ಬದುಕಿದಳು. ಮೊಮ್ಮಗಳ ಮದುವೆಗೆ ಆ ಕೆಂಪಂಚಿನ ಸೀರೆ ಉಟ್ಟುಕೊಂಡು ನಿಂತಿದ್ದಳು.

ಆಸ್ಪತ್ರೆಯ ಮಂಚದ ಮೇಲೆ ಮಾತು ಮರಳಿದ ದಿನವೇ ನನ್ನ ಮಣಿಕಟ್ಟು ಹಿಡಿದು ಹೇಳಿದ್ದಳು: "ಆ ಡಾಕ್ಟರ ಒಂದಿನ ಕೇಳ್ತಾನ. ಅವನ ಪುಸ್ತಕದಾಗ ನನ್ನ ಬ್ಯಾನಿ ಒಂದು ಬರಕೊಂಡು ಕುಣೀತಾನ. ಹೇಳಬ್ಯಾಡ. ನನ್ನ ಹೆಸರು ಎತ್ತಬ್ಯಾಡ. ಬದುಕ್ಯಾಳ ಅನಬ್ಯಾಡ, ಸತ್ತಾಳ ಅನಬ್ಯಾಡ. ಕಾಯ್ಲಿ. ನನ್ನ ಗಂಡ ಕಾದಂಗ ಕಾಯ್ಲಿ."

ನಿಜಕ್ಕೂ ಕೇಳಿದರು. ಮೇಲಿಂದ ಮೇಲೆ ಕೇಳಿದರು. ಮೊದಲ ಸುತ್ತಿನಲ್ಲಿ ಕಂಡ ಆ ಊರಿನ ಎಲ್ಲ ಬಾಯಿಗಳ ಗತಿಯೂ ಅವರಿಗೆ ಸಿಕ್ಕಿತ್ತಂತೆ, ಇದೊಂದು ಬಿಟ್ಟು. ಊರಲ್ಲಿ ಯಾರನ್ನು ಕೇಳಿದರೂ ಗದ್ದ ಆಚೆ ತಿರುಗಿಸುವರು.

ನಾನು ಈ ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ನಾನು ಕಲಿಸಿದ ಆ ಮೂರು ಮಾತು ಬಿಟ್ಟರೆ ಬೇರೆ ಕನ್ನಡವೂ ಬರುವುದಿಲ್ಲ. ಯಾರಾದರೂ ಓದಿ ಹೇಳಿದರೆ ಹೇಳಲಿ, ಅಷ್ಟರಲ್ಲಿ ಸಾಕಷ್ಟು ಕಾದಿರುತ್ತಾರೆ.

ಮಣ್ಣಿಗೆ ಹೋಗಿ ಬಂದ ಮರುದಿನ ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ, ಫೋನು ಬಂತು. ದೊಡ್ಡ ಡಾಕ್ಟರೇ. ಧ್ವನಿಗೆ ವಯಸ್ಸಾಗಿತ್ತು. ಮುದುಕಿ ತೀರಿಕೊಂಡಳೆಂದು ಯಾರೋ ಹೇಳಿದರಂತೆ. ಯೋಜನೆಯ ಕೊನೆಯ ವರದಿ ಮುಗಿಸುತ್ತಿದ್ದಾರಂತೆ. "ಏನಾಗಿ ಹೋದಳಮ್ಮಾ? ಬಾಯಲ್ಲಿ ಏನಾದರೂ ಇತ್ತಾ? ಎಲ್ಲಾದರೂ ತೋರಿಸಿದ್ದಳಾ? ನನಗೆ ಒಂದೇ ಒಂದು ಮಾತು ತಿಳಿದರೆ ಸಾಕು," ಎಂದು ತೆಲುಗಿನಲ್ಲಿ ಬೇಡಿಕೊಳ್ಳುವವರಂತೆ ಕೇಳಿದರು.

ಒಳಗೆ ಹೋಗಿ ಗಾದಿಯ ಮೇಲೆ ಕೂತು, ಸಮಾಧಾನವಾಗಿ ಅವರ ಮಾತು ಮುಗಿಯುವವರೆಗೂ ಕೇಳಿಸಿಕೊಂಡೆ.

"ಕಬುರು ಪಂಪಿಸ್ತಾಂ ಸಾರ್," ಎಂದೆ.